ನಮ್ಮೂರಿನಲ್ಲೇ ಒಂದು ತಿರುಗಾಟ



ಯುವ ಸಂಘದ ವರ್ಷದ ಮೊದಲ ಸಭೆಯಲ್ಲಿ ಬೇರೆ ಯಾವ ವಿಷಯ ಬಾರದಿದ್ದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಈ ಸಲ ಪಿಕ್‌ನಿಕ್ ಎಲ್ಲಿಗೆ?" ಉತ್ತರಗಳೂ ನಮಗೆಲ್ಲ ಬಾಯಿಪಾಠ. ನೀರಾಟದ ಪಾರ್ಕು, ಮಂಗಳೂರಿನ ಮಾಲು, ಕೈಯಲ್ಲಿ ನಾಲ್ಕು ಕಾಸು ಉಳಿದಿದ್ದರೆ ಊಟಿ. ತಲೆಗೆ ಇಂತಿಷ್ಟು ಎಂದು ವಸೂಲಿ ಮಾಡಿ, ಬಸ್ಸು ಗೊತ್ತುಮಾಡಿ, ಬೆಳಗ್ಗೆ ಐದಕ್ಕೆ ಇಗರ್ಜಿಯ ಅಂಗಳದಲ್ಲಿ ಸೇರಿ, ರಾತ್ರಿ ಹನ್ನೊಂದಕ್ಕೆ ಗಂಟಲು ಕಟ್ಟಿಸಿಕೊಂಡು ಬರುತ್ತೇವೆ. ಅದರಲ್ಲಿ ಸಂತೋಷ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪ್ರತಿ ಸಲವೂ ಮನೆಯಲ್ಲಿ ಉಳಿಯುವವರು ಯಾರು ಎಂದು ಈ ಸಲದ ಸಭೆಯಲ್ಲಿ ಒಬ್ಬಳು ಹುಡುಗಿ ಲೆಕ್ಕ ಹಾಕಿ ತೋರಿಸಿದಳು. ಮೊಣಕಾಲು ನೋವಿನ ಅಜ್ಜಿ. ಅಜ್ಜಿಯನ್ನು ನೋಡಿಕೊಳ್ಳಲು ಉಳಿಯುವ ತಾಯಿ. ಕೈಗೂಸಿನ ತಾಯಂದಿರು. ಇವರೆಲ್ಲ ಸೇರಿದರೆ ನಮ್ಮ ವಾಳೆಯ ಅರ್ಧಕ್ಕಿಂತ ಹೆಚ್ಚು ಮಂದಿ!

ಹಾಗಾಗಿ ಈ ಸಲ ಒಂದು ಕಟ್ಟಳೆ ಮಾಡಿಕೊಂಡೆವು. ಮನೆಯ ಎಲ್ಲರಿಗಿಂತ ಹಿರಿಯರು ಮತ್ತು ಎಲ್ಲರಿಗಿಂತ ಕಿರಿಯರು ಇಬ್ಬರೂ ಬರುವಂತಹ ಜಾಗಕ್ಕೆ ಮಾತ್ರ ಹೋಗುವುದು. ಹೀಗೆ ಹೇಳಿದ ಕೂಡಲೇ ಊಟಿ ಬಿದ್ದುಹೋಯಿತು, ಪಾರ್ಕು ಬಿದ್ದುಹೋಯಿತು. ಉಳಿದದ್ದು ನಮ್ಮ ಕಾಸರಗೋಡು. ನವೆಂಬರಿನಿಂದ ಮೇ ತಿಂಗಳವರೆಗೆ ಬಿಡುವಾದಾಗೆಲ್ಲ ಹೊರಟೆವು. ಬೇರೆ ಇಗರ್ಜಿಗಳ ಯುವಜನರಿಗೂ ಕುಟುಂಬಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ನಾವು ಕಾಸರಗೋಡು ಜಿಲ್ಲೆಯ ಉತ್ತರದವರು. ಮನೆಯೊಳಗೆ ಕೊಂಕಣಿ, ಅಂಗಳಕ್ಕೆ ಇಳಿದರೆ ತುಳು, ಓದು ಬರಹಕ್ಕೆ ಕನ್ನಡ, ಬಸ್ಸಿನ ಬೋರ್ಡು ಮಲಯಾಳ. 1956ರ ನವೆಂಬರ್ 1ರಂದು ಈ ಸೀಮೆ ಕೇರಳಕ್ಕೆ ಸೇರಿತು. ನಮ್ಮ ಅಜ್ಜ ಅಜ್ಜಿಯರು ಹುಟ್ಟಿದ್ದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮನೆ ಬದಲಾಯಿಸದೆ ರಾಜ್ಯ ಬದಲಾಯಿಸಿದವರು ಅವರು. ಅವರ ಮೊಮ್ಮಕ್ಕಳಲ್ಲಿ ಕೆಲವರು ಇನ್ನೂ ಕನ್ನಡ ಶಾಲೆಯಲ್ಲಿದ್ದಾರೆ, ಹೆಚ್ಚಿನವರು ಇಂಗ್ಲಿಷ್ ಶಾಲೆಯಲ್ಲಿದ್ದಾರೆ, ಅಲ್ಲಿ ಅವರು ಕಲಿಯುವ ಇನ್ನೊಂದು ಭಾಷೆ ಮಲಯಾಳ. ನಮ್ಮ ವಾಳೆಯ ಒಂದು ಮನೆಯಲ್ಲಿ ಅಜ್ಜನಿಗೆ ಮಲಯಾಳ ಓದಲು ಬರುವುದಿಲ್ಲ, ಒಂಬತ್ತು ವರ್ಷದ ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಬಸ್ಸಿನ ಬೋರ್ಡು ಅವಳು ಓದಿ ಹೇಳುತ್ತಾಳೆ, ಪ್ರಾರ್ಥನೆಯ ಪುಸ್ತಕ ಅವರು ಓದಿ ಹೇಳುತ್ತಾರೆ. ನೋಡುವವರಿಗೆ ತಮಾಷೆ ಅನಿಸಬಹುದು. ಆದರೆ ಆ ಅಜ್ಜ ಒಮ್ಮೆ ನಮ್ಮ ಹತ್ತಿರ ಹೇಳಿದ ಮಾತು: "ನನ್ನ ಹತ್ತಿರ ಹೇಳ್ಲಿಕ್ಕೆ ಇರುವುದೆಲ್ಲ ಇವಳಿಗೆ ಬಾರದ ಭಾಷೆಯಲ್ಲಿ ಉಂಟು." ಎಲ್ಲಿಗೆ ಹೋಗಬೇಕೆಂದು ಆರಿಸುವಾಗ ಈ ಮಾತು ನಮ್ಮ ತಲೆಯಲ್ಲಿತ್ತು.

ಮೊದಲನೆಯದು ಆಟ. ಆಟವೆಂದರೆ ನಮ್ಮಲ್ಲಿ ಯಕ್ಷಗಾನವೇ, ಕ್ರಿಕೆಟ್ ಅಲ್ಲ.

ಹೊರಡುವ ಮೊದಲೇ ಒಂದು ಗಲಾಟೆ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ವಾಳೆಯ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ನಿಂತರು. "ಅದು ಹರಕೆಯ ಆಟ ಅಲ್ವಾ? ಚೌಕಿಯಲ್ಲಿ ಪೂಜೆ ಆಗಿಯೇ ವೇಷ ಹೊರಡುವುದು. ಇಗರ್ಜಿಯ ಹೆಸರಲ್ಲಿ ಮಕ್ಕಳನ್ನು ಅಲ್ಲಿಗೆ ಕರ್ಕೊಂಡು ಹೋಗುವುದು ಎಂತದ್ದು?" ಪ್ರಶ್ನೆ ಸಣ್ಣದಲ್ಲ. ಕೇಳಿದವರು ಕುಹಕಕ್ಕೆ ಕೇಳಿದ್ದೂ ಅಲ್ಲ. ನಮ್ಮಲ್ಲಿ ಇಬ್ಬರು ಮೂವರು ವಾದಕ್ಕೇ ಇಳಿದರು, ಧ್ವನಿ ಏರಿತು. ಆಗ ಇನ್ನೊಬ್ಬ ಹಿರಿಯರು ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರು ತೆಗೆದರು. ಶೇಣಿಯವರು (1918–2006) ನಮ್ಮ ಜಿಲ್ಲೆಯವರೇ, ಮಾತಿನಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ. ರಾವಣ, ವಾಲಿಯಷ್ಟೇ ಅವರಿಗೆ ಹೆಸರು ತಂದ ಪಾತ್ರ ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿ, ಒಬ್ಬ ಮುಸ್ಲಿಂ ವ್ಯಾಪಾರಿ. "ಆ ವೇಷ ನೋಡ್ಲಿಕ್ಕೆ ನಾವೂ ಹೋಗಿದ್ದೇವೆ, ಬ್ಯಾರಿಗಳೂ ಬರ್ತಿದ್ದರು, ಯಾರದ್ದೂ ಎಂತದೂ ಹೋಗ್ಲಿಲ್ಲ" ಎಂದರು ಅವರು.

ಕೊನೆಗೆ ಮಾತು ಫಾದರ್ ಹತ್ತಿರ ಹೋಯಿತು. ಅವರು ಕೇಳಿದ್ದು ಒಂದೇ: "ಆಟ ಯಾರ ಗದ್ದೆಯಲ್ಲಿ?" ನಮ್ಮ ಸಾಂತ್‌ಮಾರಿಗೆ ಪ್ರತಿ ವರ್ಷ ತಪ್ಪದೆ ಬಾಳೆಗೊನೆ ಕಳಿಸುವ ಮನೆಯವರ ಗದ್ದೆ ಎಂದೆವು. "ಹಾಗಾದ್ರೆ ಅವರು ಕರೆದಾಗ ಹೋಗದೆ ಇರುವುದು ಹೇಗೆ?" ಎಂದು ಅವರು ಎದ್ದರು. ಆಕ್ಷೇಪ ಎತ್ತಿದ ಹಿರಿಯರ ಮನೆಯವರು ಆಟಕ್ಕೆ ಬರಲಿಲ್ಲ. ನಾವು ಒತ್ತಾಯ ಮಾಡಲೂ ಇಲ್ಲ. ಉಳಿದ ತಿರುಗಾಟಗಳಿಗೆಲ್ಲ ಅವರು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು.

ಕೊಯ್ಲು ಮುಗಿದ ಗದ್ದೆ. ಒಂದು ಬದಿಗೆ ರಂಗಸ್ಥಳ, ಹಿಂದೆ ತೆಂಗಿನ ಮಡಲು ಹೆಣೆದು ಕಟ್ಟಿದ ಚೌಕಿ. ಈಗ ಹಲವು ಮೇಳಗಳು ಕಾಲಮಿತಿಯ ಆಟ ಆಡುತ್ತವೆ. ಸಂಜೆ ಆರರ ಹೊತ್ತಿಗೆ ಶುರುವಾಗಿ ನಡುರಾತ್ರಿಗೆ ಮುಗಿಯುತ್ತದೆ. ಬೆಳಗಾಗುವ ತನಕ ಆಡಿದರೇ ಆಟ ಎನ್ನುವ ಹಳಬರಿಗೆ ಇದು ಸಮಾಧಾನವಿಲ್ಲ, ಆದರೆ ಚಿಕ್ಕ ಮಕ್ಕಳಿರುವ ಮನೆಯವರಿಗೆ ಇದೇ ಅನುಕೂಲ. ಗದ್ದೆಯ ಬದು ದಾಟುವಾಗಲೇ ಚಾದ ಅಂಗಡಿಯವರು "ಬಲೆ ಪೊರ್ಬುಲೆ, ಬಲೆ" ಎಂದು ತುಳುವಿನಲ್ಲಿ ಕರೆದರು. ನಮ್ಮ ಹಿಂದೆ ಬರುತ್ತಿದ್ದ ಅಜ್ಜಿಗೆ "ಬಾಯಮ್ಮ, ಕುರ್ಚಿ ಉಂಟು, ಕೂತ್ಕೊಳ್ಳಿ" ಎಂದು ಮನೆಯ ಯಜಮಾನರೇ ಕುರ್ಚಿ ಹಿಡಿದುಕೊಂಡು ಬಂದರು. ಊಟ ಮಾಡದೆ ಆಟಕ್ಕೆ ಕೂರುವ ಹಾಗೆಯೇ ಇಲ್ಲ ಎಂದು ಎಲೆ ಹಾಕಿಸಿದರು.

ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗುವವರಿಗೆ ನಮ್ಮ ಸಲಹೆ ಇದು: ಆಟ ಶುರುವಾಗುವ ಎರಡು ಗಂಟೆ ಮೊದಲೇ ಹೋಗಿ, ಚೌಕಿಯನ್ನು ತೋರಿಸಿ. ಮೊದಲು ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಬದಿಯಲ್ಲಿ ನಿಂತು ನೋಡಿದರೆ ಯಾರೂ ಬೇಡವೆನ್ನುವುದಿಲ್ಲ. ತೆಂಕುತಿಟ್ಟಿನ ರಾಕ್ಷಸನಿಗೆ ಬಣ್ಣದ ವೇಷ ಎನ್ನುತ್ತಾರೆ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಡುತ್ತಾ ಹೋಗುವ ಕೆಲಸಕ್ಕೆ ಗಂಟೆಗಟ್ಟಲೆ ಬೇಕು. ಕನ್ನಡಿ ಹಿಡಿದುಕೊಂಡು ತನ್ನ ಮುಖವನ್ನು ತಾನೇ ಬರೆದುಕೊಳ್ಳುವ ಕಲಾವಿದರನ್ನು ನಮ್ಮ ಮಕ್ಕಳು ಅಲ್ಲಾಡದೆ ನೋಡಿದರು. ಅದೇ ಮಕ್ಕಳು, ಹತ್ತು ನಿಮಿಷದ ಪ್ರಸಂಗಕ್ಕೆ, ಅಂದರೆ ಇಗರ್ಜಿಯ ಪ್ರವಚನಕ್ಕೆ, ಹತ್ತು ಸಲ ನೀರು ಕುಡಿಯಲು ಏಳುವವರು!

ಆ ರಾತ್ರಿ ಇದ್ದ ಎರಡು ಪ್ರಸಂಗಗಳು ಬಕಾಸುರ ವಧೆ ಮತ್ತು ಅಭಿಮನ್ಯು ಕಾಳಗ. ಬಕಾಸುರನ ಕತೆ ಮಕ್ಕಳಿಗೆ ಗೊತ್ತಿತ್ತು, ಗಾಡಿ ತುಂಬ ಅನ್ನ ತಿನ್ನುವ ರಾಕ್ಷಸ ಎಂದಷ್ಟೇ. ಊರಿನ ಪ್ರತಿ ಮನೆಯಿಂದ ಸರದಿಯಂತೆ ಒಬ್ಬೊಬ್ಬರು ಅವನಿಗೆ ಆಹಾರವಾಗಿ ಹೋಗಬೇಕು. ಆ ದಿನ ಒಂದು ಬಡ ಬ್ರಾಹ್ಮಣನ ಮನೆಯ ಸರದಿ. ತಂದೆ ನಾನು ಹೋಗುತ್ತೇನೆ ಎನ್ನುತ್ತಾನೆ, ತಾಯಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ಮಹಾಭಾರತದಲ್ಲಿ ಆ ಮನೆಯ ತೊದಲು ಮಾತಿನ ಪುಟ್ಟ ಹುಡುಗನೊಬ್ಬ ಹುಲ್ಲುಕಡ್ಡಿ ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎಂದು ಎಲ್ಲರನ್ನೂ ಅಳುವಿನ ನಡುವೆ ನಗಿಸುತ್ತಾನೆ. ಈ ಹುಡುಗನ ವಿಷಯ ನಮಗೆ ಹೇಳಿದ್ದು ನಮ್ಮ ಜೊತೆ ಬಂದ ಬಾಯಮ್ಮ. ಎಂಬತ್ತು ದಾಟಿದ ಅಜ್ಜಿ. ಹುಡುಗಿಯಾಗಿದ್ದಾಗ ತಂದೆಯ ಜೊತೆ ತೆಂಗಿನ ಗರಿಯ ಸೂಟೆ ಹಿಡಿದು ಮೈಲಿಗಟ್ಟಲೆ ನಡೆದು ಆಟ ನೋಡಿದವರು. ಮದುವೆಯಾದ ಮೇಲೆ ಗದ್ದೆ, ದನ, ಮಕ್ಕಳು, ಆಮೇಲೆ ಮೊಣಕಾಲು; ಆಟಕ್ಕೆ ಬಾರದೆ ಎಷ್ಟೋ ವರ್ಷವಾಗಿತ್ತು.

ಭಾಗವತರು ಪದ ಎತ್ತಿದ ಕೂಡಲೇ ಅವರ ತುಟಿ ಅಲ್ಲಾಡತೊಡಗಿತು. ಧ್ವನಿ ಇಲ್ಲ, ತುಟಿ ಮಾತ್ರ. ಪಕ್ಕದಲ್ಲಿ ಕೂತಿದ್ದ ಮೊಮ್ಮಗ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಅವನಿಗೆ ಅಲ್ಲಿಯವರೆಗೆ ಅಜ್ಜಿಗೆ ರೋಜರಿ ಮಾತ್ರ ಬಾಯಿಪಾಠ ಬರುವುದೆಂದು ಗೊತ್ತಿತ್ತು.

ಬಕಾಸುರ ಬಂದ ಬಗೆ ಕೇಳಿ. ರಂಗಸ್ಥಳದಿಂದಲ್ಲ, ಜನರ ಹಿಂದಿನಿಂದ! ಎರಡು ಬದಿಗೆ ದೊಂದಿ, ಅದಕ್ಕೆ ರಾಳದ ಪುಡಿ ಎಸೆದಾಗ ಭುಗ್ಗೆಂದು ಏಳುವ ಬೆಂಕಿ, ಚೆಂಡೆಯ ಅಬ್ಬರ, ಆ ಬೆಳಕಿನಲ್ಲಿ ದೊಡ್ಡ ಕಿರೀಟದ ಕೆಂಪು ಕಪ್ಪು ಮುಖ. ಮಕ್ಕಳೆಲ್ಲ ಯಾರ ಮಡಿಲು ಸಿಕ್ಕಿತೋ ಅಲ್ಲಿ ಹುಗಿದುಕೊಂಡರು. ನಮ್ಮ ಸಂಘದ ಕಾರ್ಯದರ್ಶಿಯೂ ಒಂದು ಮಡಿಲು ಹುಡುಕುತ್ತಿದ್ದ ಎಂದು ಸಾಕ್ಷಿಗಳಿದ್ದಾರೆ.

ಆಮೇಲೆ ಮಾತು. ಆಟದ ಮಾತಿಗೆ ಅರ್ಥ ಎನ್ನುತ್ತಾರೆ, ಅದನ್ನು ಯಾರೂ ಬರೆದು ಕೊಡುವುದಿಲ್ಲ. ಪದ್ಯದ ಜಾಡು ಹಿಡಿದು ಕಲಾವಿದರು ಅಲ್ಲಲ್ಲೇ ಕಟ್ಟುತ್ತಾರೆ. ಅದರಲ್ಲಿ ಇಂಗ್ಲಿಷ್ ಪದ ನುಸುಳಬಾರದೆಂಬ ಶಿಸ್ತು ಈಗಲೂ ಉಳಿದಿದೆ. ನಾವು ಮಕ್ಕಳಿಗೆ ಒಂದು ಪಂದ್ಯ ಕಟ್ಟಿದ್ದೆವು: ಒಂದು ಇಂಗ್ಲಿಷ್ ಪದ ಹಿಡಿದರೆ ಒಂದು ಗೋಳಿಬಜೆ. ಎಂಟು ಮಕ್ಕಳು ಕಿವಿ ನೆಟ್ಟಗೆ ಮಾಡಿ ಕೂತರು. ನಡುರಾತ್ರಿಯವರೆಗೆ ಒಬ್ಬರಿಗೂ ಸಿಗಲಿಲ್ಲ. (ಗೋಳಿಬಜೆ ಹೇಗೂ ಕೊಡಿಸಿದೆವು, ಆ ವಾಸನೆ ಸಹಿಸಿ ಕೂರುವುದು ಯಾರಿಂದ ಸಾಧ್ಯ?) ಆದರೆ ಆ ಪಂದ್ಯದ ನೆವದಲ್ಲಿ ಅವರು ನಾಲ್ಕೈದು ಗಂಟೆ ಕನ್ನಡವನ್ನು ಅಕ್ಷರ ಅಕ್ಷರವಾಗಿ ಕೇಳಿದ್ದರು.

"ಈ ರಾಕ್ಷಸ ಯಾಕೆ ಇಷ್ಟು ಕಷ್ಟದ ಮಾತು ಆಡ್ತಾನೆ?" ಎಂದು ಮೊಮ್ಮಗ ಕೊಂಕಣಿಯಲ್ಲಿ ಕೇಳಿದ. ಬಾಯಮ್ಮ ಕಣ್ಣು ರಂಗದ ಮೇಲಿಂದ ತೆಗೆಯದೆ ಹೇಳಿದರು: "ಇಲ್ಲಿ ರಾಕ್ಷಸನೂ ಚಂದ ಮಾತಾಡ್ಬೇಕು. ಇಲ್ಲದಿದ್ರೆ ಜನ ಎದ್ದು ಹೋಗ್ತಾರೆ."

ಅಭಿಮನ್ಯುವಿನ ಹೊತ್ತಿಗೆ ಅರ್ಧ ಮಕ್ಕಳು ಚಾಪೆಯ ಮೇಲೆ ನಿದ್ದೆಗೆ ಜಾರಿದ್ದರು. ಎಚ್ಚರವಿದ್ದವರು ನೋಡಿದ್ದು ಒಂದರ ಹಿಂದೊಂದು ದಿಗಿಣ. ಗಾಳಿಯಲ್ಲಿ ಗಿರ್ರೆಂದು ತಿರುಗಿ ನೆಲಕ್ಕೆ ಬೀಳುವ ಆ ಹೊರಳು ತೆಂಕುತಿಟ್ಟಿನ ಹೆಮ್ಮೆ. ಚಕ್ರವ್ಯೂಹದ ಒಳಗೆ ಹೋಗುವ ದಾರಿ ಮಾತ್ರ ಗೊತ್ತಿರುವ ಹುಡುಗ ತಾಯಿಯ ಹತ್ತಿರ ಅಪ್ಪಣೆ ಕೇಳುವ ಜಾಗದಲ್ಲಿ ನಮ್ಮ ಸಾಲಿನ ತಾಯಂದಿರು ಸೆರಗು ಕಣ್ಣಿಗೆ ಒತ್ತಿಕೊಂಡರು. ಕೆಲಸ ಹುಡುಕಿಕೊಂಡು ಗಲ್ಫಿಗೆ ಹೊರಟಿದ್ದ ಒಬ್ಬ ಹುಡುಗನ ತಾಯಿಯೂ ಆ ಸಾಲಿನಲ್ಲಿದ್ದರು. ಅವರು ಅಳಲಿಲ್ಲ, ಮಗನ ಕೈ ಹಿಡಿದುಕೊಂಡು ಕೂತಿದ್ದರು.

ಹೋಗುವವರು ನೆನಪಿಡಿ: ದೀಪಾವಳಿಯ ನಂತರ ಮೇಳಗಳು ಹೊರಡುತ್ತವೆ, ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಆ ನಡುವಿನ ಅಲೆದಾಟಕ್ಕೇ ತಿರುಗಾಟ ಎಂದು ಹೆಸರು. ಹರಕೆಯ ಆಟಕ್ಕೆ ಟಿಕೆಟ್ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಬೀಳುತ್ತದೆ, ಹಿರಿಯರಿಗೆ ಶಾಲು, ಮಕ್ಕಳಿಗೆ ಟೊಪ್ಪಿ ಬೇಕು. ಕೈಗೂಸು ಇರುವವರು ಧ್ವನಿವರ್ಧಕದಿಂದ ದೂರ ಕೂರಿ. ಕುರ್ಚಿ ಬೇಕಾದರೆ ಬೇಗ ಹೋಗಿ. ಕುಂಬಳೆ ಸೀಮೆಯವರಂತೂ ಆಟ ನೋಡಿಲ್ಲ ಎಂದರೆ ಪಾರ್ತಿಸುಬ್ಬನಿಗೆ ಬೇಸರವಾದೀತು. ರಾಮಾಯಣವನ್ನು ಯಕ್ಷಗಾನದ ಪ್ರಸಂಗಗಳಾಗಿ ಹಾಡಿದ ಕವಿಯ ಊರು ಅದು.

ರಾತ್ರಿ ಹೊರಗೆ ಕೂರಲು ಆಗದ ಮನೆಯವರಿಗೆ ಇನ್ನೊಂದು ದಾರಿ ಇದೆ, ಬೊಂಬೆಯಾಟ. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರು ತೆಂಕುತಿಟ್ಟಿನ ಯಕ್ಷಗಾನವನ್ನೇ ಸೂತ್ರದ ಬೊಂಬೆಗಳಲ್ಲಿ ಆಡಿಸುತ್ತಾರೆ. ಅದೇ ಕಿರೀಟ, ಅದೇ ಭಾಗವತಿಕೆ, ಅದೇ ಚೆಂಡೆ. ಆಳು ಮಾತ್ರ ಮೊಣಕಾಲೆತ್ತರಕ್ಕೂ ಬಾರದವನು. ಕಾರ್ಯಕ್ರಮ ಎಲ್ಲಿದೆ ಎಂದು ವಿಚಾರಿಸಿಕೊಂಡು ಹೋಗಬೇಕು. ಮೂರು ವರ್ಷದ ಮಕ್ಕಳಿಗೆ ಆಟಕ್ಕಿಂತ ಇದೇ ಮೇಲು, ಬಣ್ಣದ ವೇಷಕ್ಕೆ ಹೆದರುವವರಿಗೂ ಕೂಡ.

ತಪಸ್ಸು ಕಾಲದ ಒಂದು ಶನಿವಾರ ಮಂಜೇಶ್ವರಕ್ಕೆ ಹೋದೆವು. ಅಲ್ಲಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿ ಉಳಿದಿದೆ. 1883ರಲ್ಲಿ ಹುಟ್ಟಿದ ಮಂಜೇಶ್ವರ ಗೋವಿಂದ ಪೈಗಳನ್ನು 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿತು. ಕನ್ನಡದಲ್ಲಿ ಆ ಹೆಸರು ಮೊದಲು ಬಂದದ್ದು ಅವರಿಗೆ. ಶಾಲೆಯಲ್ಲಿ ಇಷ್ಟು ಕಲಿತಿದ್ದೆವು. ಆದರೆ ಅವರ ಮನೆಮಾತು ನಮ್ಮ ಹಾಗೆಯೇ ಕೊಂಕಣಿ ಎಂಬುದು ನಮ್ಮಲ್ಲಿ ಹಲವರಿಗೆ ಹೊಸ ಸಂಗತಿ. ಮನೆಯಲ್ಲಿ ಕೊಂಕಣಿ, ಬರೆದದ್ದು ಕನ್ನಡ, ಬದುಕಿದ್ದು ಈ ಗಡಿಯ ಊರಿನಲ್ಲಿ. ಆ ಜಗಲಿಯಲ್ಲಿ ನಿಂತಾಗ, ಮಲಯಾಳ ಬಾರದ ನಮ್ಮ ಅಜ್ಜ ಎದೆ ಸ್ವಲ್ಪ ಮುಂದೆ ಮಾಡಿಯೇ ನಿಂತಿದ್ದರು.

ಕ್ರೈಸ್ತರಾದ ನಮಗೆ ಆ ಮನೆಗೆ ಹೋಗಲು ಇನ್ನೊಂದು ಕಾರಣ ಇದೆ. ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದಿದ್ದಾರೆ. ಬುದ್ಧನ ಕೊನೆಯ ದಿನದ ಬಗ್ಗೆ ಬರೆದದ್ದು 'ವೈಶಾಖಿ'. ನಮ್ಮ ಇಗರ್ಜಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಕೂತು, ನಮ್ಮ ಧರ್ಮದವರಲ್ಲದ ಒಬ್ಬರು ಶುಭ ಶುಕ್ರವಾರದ ಕತೆಯನ್ನು ಅಷ್ಟು ಮನಸ್ಸಿಟ್ಟು ಬರೆದಿದ್ದಾರೆ. ಅದನ್ನು ನಾವು ಓದಿರಲಿಲ್ಲವೆಂದರೆ ಏನು ಹೇಳುವುದು? ಪುಸ್ತಕ ಒಯ್ದಿದ್ದೆವು. ಭಾಷೆ ಸುಲಭದ್ದಲ್ಲ, ಹಳಗನ್ನಡದ ಬಿಗಿ ಇದೆ, ಒಂದೊಂದು ಸಾಲಿಗೂ ನಿಲ್ಲಬೇಕು. ನಮ್ಮ ಜೊತೆ ಬಂದ ನಿವೃತ್ತ ಕನ್ನಡ ಟೀಚರ್ ಒಂದು ಪುಟವನ್ನು ಬಿಡಿಸಿ ಹೇಳಿದರು. ಅಜ್ಜ ನಿಧಾನವಾಗಿ ಓದಿದರು. ಮೊಮ್ಮಗಳು ಪುಸ್ತಕದೊಳಗೆ ಇಣುಕಿ, ಅಜ್ಜನ ಬೆರಳು ಯಾವ ಅಕ್ಷರದ ಮೇಲಿದೆ ಎಂದು ನೋಡುತ್ತಿದ್ದಳು. "ಇದು 'ಯೇ'. ಇದು 'ಸು'," ಎಂದು ಅಜ್ಜ ತೋರಿಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಗಾಜಿನ ಮೇಲೆ ಆ ಎರಡು ಅಕ್ಷರ ಬರೆಯುತ್ತಾ ಬಂದಳು. ಅಷ್ಟೇ ನಡೆದದ್ದು, ದೊಡ್ಡದು ಮಾಡಿ ಹೇಳುವುದಿಲ್ಲ.

ಹೋಗುವ ಮೊದಲು ಸ್ಮಾರಕ ತೆರೆದಿರುತ್ತದೆಯೇ ಎಂದು ಕೇಳಿಕೊಳ್ಳಿ. ನೆರಳಿದೆ, ಕೂರಲು ಜಾಗವಿದೆ, ಹಿರಿಯರಿಗೆ ಆಯಾಸವಾಗುವುದಿಲ್ಲ.

ಬೇಳ ಇಗರ್ಜಿ ಮತ್ತು ಅನಂತಪುರ ಎರಡನ್ನೂ ಒಂದೇ ಮಧ್ಯಾಹ್ನ ಮುಗಿಸಿದೆವು, ಎರಡೂ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಿಕ್ಕಿನಲ್ಲೇ ಇವೆ. ಬೇಳದ ವ್ಯಾಕುಲ ಮಾತೆಯ ದೇವಾಲಯ 1890ರಲ್ಲಿ ಸ್ಥಾಪನೆಯಾದದ್ದು. ಕಂಗು ತೆಂಗಿನ ನಡುವೆ ಗೋಥಿಕ್ ಮಾದರಿಯ ಆ ಮುಖಮಂಟಪ ಕಂಡಾಗ ಮಕ್ಕಳು ಸಿನಿಮಾದ ಸೆಟ್ ಎಂದರು. ಅನಂತಪುರದ್ದು ಕೆರೆಯ ನಡುವಿನ ದೇವಸ್ಥಾನ. ಅಲ್ಲಿ ಹಲವು ಕಾಲ ಎಲ್ಲರಿಗೂ ಗೊತ್ತಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. ನಮ್ಮ ಹಿರಿಯರಲ್ಲಿ ಅದನ್ನು ಕಂಡವರು ಇಬ್ಬರಿದ್ದರು. ಮೊಸಳೆಯ ಉದ್ದದ ಬಗ್ಗೆ ಅವರಿಬ್ಬರ ಲೆಕ್ಕ ಹೊಂದಲಿಲ್ಲ, ವಾದ ಕುಂಬಳೆ ಪೇಟೆಯವರೆಗೂ ನಡೆಯಿತು.

ಬೇಕಲಕ್ಕೆ ಹೋದದ್ದು ಮೇ ರಜೆಯಲ್ಲಿ, ರೈಲಿನಲ್ಲಿ. ಬೇಕಲ ಕೋಟೆ ಎಂಬ ಹೆಸರಿನದೇ ಒಂದು ಸಣ್ಣ ನಿಲ್ದಾಣ ಇದೆ, ಪ್ಯಾಸೆಂಜರ್ ಗಾಡಿ ನಿಲ್ಲುತ್ತದೆ. ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ರೈಲು ಒಂದು ವರ. ಚಂದ್ರಗಿರಿ ಹೊಳೆಯ ಸೇತುವೆ ದಾಟುವಾಗ ಹಿರಿಯರು, "ತುಳುನಾಡು ಇಲ್ಲಿಗೆ ಮುಗೀತು" ಎಂದು ಹೇಳಿದರು. ಹಳೆಯ ಲೆಕ್ಕದಲ್ಲಿ ಆ ಹೊಳೆಯೇ ಗಡಿ.

ಬೇಕಲ ಕೋಟೆಯನ್ನು ಹದಿನೇಳನೆಯ ಶತಮಾನದ ನಡುವೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಸುಮಾರು 40 ಎಕರೆ, ಕೇರಳದಲ್ಲಿ ಇದಕ್ಕಿಂತ ದೊಡ್ಡ ಕೋಟೆ ಇಲ್ಲ. ಕನ್ನಡದ ಅರಸು ಕಟ್ಟಿದ್ದು, ಮುರಕಲ್ಲಿನದ್ದು, ಮೂರು ಬದಿಗೆ ಸಮುದ್ರ. ಹೆಚ್ಚಿನವರು ಅಲ್ಲಿಗೆ ಹೋಗುವುದು 1995ರ 'ಬಾಂಬೆ' ಸಿನಿಮಾದ ಹಾಡು ನೆನೆದು, ಸೆಲ್ಫಿಗೆ. ಮಕ್ಕಳಿಗೆ ನಾವು ತೋರಿಸಿದ್ದು ಗೋಡೆಯ ಕಿಂಡಿಗಳು. ಒಂದು ಸಾಲಿನ ಕಿಂಡಿಯಿಂದ ಕಣ್ಣಿಟ್ಟರೆ ದೂರದ ಕಡಲು ಕಾಣುತ್ತದೆ, ಇನ್ನೊಂದರಿಂದ ಅದಕ್ಕಿಂತ ಹತ್ತಿರ, ಮತ್ತೊಂದರಿಂದ ಗೋಡೆಯ ಬುಡ. ಶತ್ರು ಎಷ್ಟು ದೂರದಲ್ಲಿದ್ದಾನೋ ಆ ಕಿಂಡಿಯಿಂದ ಗುಂಡು. ಒಂದು ಗಂಟೆ ಅವರು ಕಿಂಡಿಯಿಂದ ಕಿಂಡಿಗೆ ಓಡುತ್ತಾ ತಮ್ಮ ತಮ್ಮ ತಂದೆಯರನ್ನು ಹಡಗೆಂದು ತಿಳಿದು ಗುಂಡು ಹಾರಿಸಿದರು. ಕೋಟೆಯ ನಡುವಿನ ಗೋಪುರಕ್ಕೆ ಏರುವ ದಾರಿ ಅಗಲವಾಗಿದೆ, ಆಕ್ಷೇಪ ಎತ್ತಿದ್ದ ಆ ಹಿರಿಯರು ಬಾಯಮ್ಮನ ಕೈ ಹಿಡಿದು ಅರ್ಧದವರೆಗೆ ಹತ್ತಿಸಿದರು. ಉಳಿದರ್ಧ ಬೇಡ, ಇಲ್ಲಿಂದಲೇ ಕಡಲು ಕಾಣ್ತದೆ ಎಂದರು ಬಾಯಮ್ಮ. "ಆಟಕ್ಕೆ ಬರ್ಲಿಲ್ಲ ಅಲ್ವಾ ನೀವು, ಬಕಾಸುರ ಭಾರಿ ಚಂದ ಮಾತಾಡಿದ" ಎಂದು ಅಲ್ಲೇ ಕೂತು ಅವರಿಗೆ ಆಟದ ಕತೆಯನ್ನು ಪೂರ್ತಿ ಹೇಳಿದರು. ಅವರು ಪೂರ್ತಿ ಕೇಳಿದರು.

ಒಂದೇ ಎಚ್ಚರಿಕೆ: ಬೇಕಲದಲ್ಲಿ ನೆರಳು ಕಡಿಮೆ. ಮೇ ತಿಂಗಳಲ್ಲಿ ಹೋಗುವುದಾದರೆ ನಾಲ್ಕು ಗಂಟೆಯ ಮೇಲೆ ಹೋಗಿ, ಕೊಡೆ ಒಯ್ಯಿರಿ, ಹೊರಗೆ ಬೊಂಡ ಸಿಗುತ್ತದೆ.

ರಾಣಿಪುರಂ ಯಾಕೆ ಬಿಟ್ಟಿರಿ ಎಂದು ಹಲವರು ಕೇಳಿದ್ದಾರೆ. ಮಾಡತ್ತುಮಲ ಎಂದಿದ್ದ ಆ ಬೆಟ್ಟಕ್ಕೆ, ಕ್ರೈಸ್ತ ವಲಸಿಗರು ಬಂದ ಮೇಲೆ, ರಾಣಿಯೆಂದು ಕರೆಯುವ ಮರಿಯಮ್ಮನವರ ನೆನಪಿನಲ್ಲಿ ಬಂದ ಹೆಸರು ಅದು. ಸುಮಾರು 750 ಮೀಟರ್ ಎತ್ತರ, ಹುಲ್ಲುಗಾವಲು, ಮಂಜು, ನಿಜವಾಗಿಯೂ ಚಂದ. ಆದರೆ ಕಾಡಿನ ಕಡಿದಾದ ದಾರಿ, ಮಳೆಗಾಲದಲ್ಲಿ ಜಿಗಣೆ. ನಮ್ಮ ಕಟ್ಟಳೆಗೆ ಹೊಂದುವುದಿಲ್ಲ. ಯುವಕರು ಬೇರೆಯಾಗಿ ಹೋಗಿ ಬನ್ನಿ, ಯಾರು ಬೇಡವೆಂದರು?

ಈಗ ಪತ್ತನಾಜೆ ಕಳೆದಿದೆ, ಮೇಳಗಳು ಒಳಗೆ ಸೇರಿವೆ. ಮಳೆ ಹಿಡಿದರೆ ತಾಳಮದ್ದಳೆಯ ಕಾಲ. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ ಮದ್ದಳೆ, ಎದುರುಬದುರು ಕೂತ ನಾಲ್ಕೈದು ಅರ್ಥಧಾರಿಗಳು. ಬರೀ ಮಾತಿನಲ್ಲೇ ಯುದ್ಧ, ಮಾತಿನಲ್ಲೇ ಸಂಧಾನ. ಶೇಣಿಯವರು ಮೆರೆದದ್ದು ಇಲ್ಲಿಯೇ. ಮನೆಯ ಚಾವಡಿಯಲ್ಲಿ ನಡೆಯುವುದರಿಂದ ಇಬ್ಬನಿಯ ಭಯವಿಲ್ಲ, ಮೊಣಕಾಲಿನ ಚಿಂತೆಯಿಲ್ಲ. ಆಟಿ ತಿಂಗಳಲ್ಲಿ ಬಾಳೆಗೊನೆಯ ಮನೆಯವರಲ್ಲೇ ಒಂದು ಕೂಟ ಇದೆ, ಈ ಸಲವೂ ಕರೆದಿದ್ದಾರೆ. ಬಾಯಮ್ಮನ ಮೊಮ್ಮಗ ಈಗಾಗಲೇ ಪ್ರಸಂಗ ಯಾವುದೆಂದು ಕೇಳಿ, ಕತೆಯನ್ನು ಮೊದಲೇ ಹೇಳಿಸಿಕೊಳ್ಳುತ್ತಿದ್ದಾನೆ, ಗೋಳಿಬಜೆಯ ಪಂದ್ಯ ಇನ್ನೂ ಇದೆಯೇ ಎಂದೂ ವಿಚಾರಿಸಿದ್ದಾನೆ.

ಹೆಸರು ಕೊಟ್ಟವರು ಇಲ್ಲಿಯವರೆಗೆ ಇಪ್ಪತ್ತೆರಡು ಮಂದಿ, ಅದರಲ್ಲಿ ಆರು ಮಂದಿ ಎಪ್ಪತ್ತು ದಾಟಿದವರು. ಗದ್ದೆಯ ಬದಿಯ ಮಣ್ಣುದಾರಿಯಲ್ಲಿ ಮಳೆಗೆ ಆಟೊ ಹೋಗುವುದಿಲ್ಲ. ಒಂದು ಜೀಪು ಸಿಕ್ಕಿದೆ, ಇನ್ನೊಂದು ಬೇಕು. ಯಾರಲ್ಲಾದರೂ ಇದ್ದರೆ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಮಗೆ ಹೇಳಿ.